ನಾನು ಹಾಗೆ ಹೇಳಲೇ ಇಲ್ಲ

"ಶನಿವಾರ ನಾನೇ ಬಂದು ಅಮ್ಮನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ ಅಂದಿದ್ದೆ ತಾನೆ ನೀನು?" ಎಂದು ಅಕ್ಕ ಕೇಳುತ್ತಾಳೆ. "ಹಾಗಂದಿಲ್ಲ ಕಣಕ್ಕ, ರಜೆ ಸಿಕ್ಕಿದ್ರೆ ಬರ್ತೀನಿ ಅಂದೆ" ಎನ್ನುತ್ತಾನೆ ತಮ್ಮ. "ರಜೆ ಮಾತೇ ಬರ್ಲಿಲ್ಲ. ನಂಗೆ ಚೆನ್ನಾಗಿ ನೆನಪಿದೆ." "ನಂಗೂ ಚೆನ್ನಾಗಿ ನೆನಪಿದೆ." ಇಲ್ಲಿಂದ ಮುಂದಕ್ಕೆ ಡಾಕ್ಟರೂ ಇಲ್ಲ, ಶನಿವಾರವೂ ಇಲ್ಲ. ಇಬ್ಬರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆ ಅನ್ನುವುದಷ್ಟೇ ಉಳಿಯುತ್ತದೆ. ಆದದ್ದು ನಾಲ್ಕು ದಿನದ ಹಿಂದಿನ ಒಂದು ಸಣ್ಣ ಫೋನ್ ಮಾತುಕತೆ. ಇಬ್ಬರಿಗೂ ಕಿವಿ ಚೆನ್ನಾಗಿದೆ, ಇಬ್ಬರಿಗೂ ಅಮ್ಮನ ಮೇಲೆ ಅಕ್ಕರೆಯಿದೆ, ಇಬ್ಬರೂ ತಮಗೆ ನೆನಪಿರುವುದನ್ನೇ ಪ್ರಾಮಾಣಿಕವಾಗಿ ಹೇಳುತ್ತಿದ್ದಾರೆ.

ಇಂಥ ಜಗಳಗಳಲ್ಲಿ ಬಹುಪಾಲು ಯಾರೂ ಸುಳ್ಳು ಹೇಳಿರುವುದಿಲ್ಲ. ಆಡಿದ ಮಾತು ತಲೆಯೊಳಗೆ ಎಲ್ಲೋ ಅಚ್ಚಾಗಿ ಕೂತಿರುತ್ತದೆ, ಬೇಕೆಂದಾಗ ತೆಗೆದು ಓದಬಹುದು ಎಂದು ನಾವು ನಂಬಿರುವುದೇ ತೊಂದರೆಯ ಮೂಲ. ದಿನನಿತ್ಯದ ಮಾತುಕತೆಯ ನೆನಪು ಹಾಗೆ ಕೆಲಸ ಮಾಡುವುದಿಲ್ಲ. ಅದು ಮಾತಿನ ತಿರುಳನ್ನು ಇಟ್ಟುಕೊಂಡು ಪದಗಳನ್ನು ಬಿಡುತ್ತದೆ. ಆಮೇಲೆ ಯಾರ ಮುಂದೆ, ಯಾಕಾಗಿ ಹೇಳುತ್ತೇವೆ ಅನ್ನುವುದಕ್ಕೆ ತಕ್ಕಂತೆ ಆ ತಿರುಳನ್ನೂ ಪ್ರತಿ ಸಲ ಮತ್ತೆ ಕಟ್ಟುತ್ತದೆ. ಇದನ್ನು ಕುರಿತು ಮನೋವಿಜ್ಞಾನದಲ್ಲಿ ಗಟ್ಟಿಯಾದ ಕೆಲಸ ಆಗಿದೆ. ಅದು ಮನೆಮನೆಯ ಜಗಳಕ್ಕೆ ನೇರವಾಗಿ ಉಪಯೋಗಕ್ಕೆ ಬರುವಂಥದ್ದು ಎಂಬ ಕಾರಣಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಪದಗಳ ಆಯಸ್ಸು

1967ರಲ್ಲಿ ಮನೋವಿಜ್ಞಾನಿ ಜಾಕ್ವೆಲಿನ್ ಸ್ಯಾಕ್ಸ್ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಕೇಳುಗರಿಗೆ ಒಂದು ಬರಹವನ್ನು ಓದಿ ಹೇಳಿ, ನಡುವೆ ನಿಲ್ಲಿಸಿ, ಅದರಲ್ಲಿ ಬಂದ ಒಂದು ವಾಕ್ಯವನ್ನು ಮತ್ತೆ ಕೇಳಿಸುವುದು: ಇದು ಅದೇ ವಾಕ್ಯವೋ, ಬದಲಾಗಿದೆಯೋ? ಅವನು ಆ ವಿಷಯವಾಗಿ ಗೆಲಿಲಿಯೋಗೆ ಕಾಗದ ಬರೆದ ಎಂಬ ಅರ್ಥದ ವಾಕ್ಯ ಒಂದು ಬರಹದಲ್ಲಿತ್ತು. ವಾಕ್ಯ ಕಿವಿಗೆ ಬಿದ್ದ ಕೂಡಲೇ ಕೇಳಿದರೆ ಸಣ್ಣಪುಟ್ಟ ಬದಲಾವಣೆಯನ್ನೂ ಜನ ಹಿಡಿಯುತ್ತಿದ್ದರು. ನಡುವೆ 80 ಅಕ್ಷರಗಳಷ್ಟು ಮಾತು, ಅಂದರೆ ಅರ್ಧ ನಿಮಿಷಕ್ಕೂ ಕಡಿಮೆ ಹೊತ್ತು, ಕಳೆದ ಮೇಲೆ ಕೇಳಿದರೆ ವಾಕ್ಯದ ರಚನೆ ಬದಲಾದದ್ದು ಹೆಚ್ಚಿನವರಿಗೆ ಗೊತ್ತಾಗುತ್ತಿರಲಿಲ್ಲ. ಗೆಲಿಲಿಯೋನೇ ಅವನಿಗೆ ಕಾಗದ ಬರೆದ ಎಂದು ಅರ್ಥವನ್ನೇ ತಿರುಗಿಸಿದ್ದರೆ ಮಾತ್ರ ತಕ್ಷಣ ಹಿಡಿಯುತ್ತಿದ್ದರು. ಅರ್ಥ ಒಳಗೆ ಇಳಿದ ಮೇಲೆ, ಅದನ್ನು ಹೊತ್ತು ತಂದ ಪದಗಳನ್ನು ಮಿದುಳು ಇಟ್ಟುಕೊಳ್ಳುವುದಿಲ್ಲ.

ಇಟ್ಟುಕೊಳ್ಳಲು ಪುರಸೊತ್ತೂ ಇರುವುದಿಲ್ಲ. ಒಬ್ಬರು ಮಾತು ಮುಗಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು. 2009ರಲ್ಲಿ 10 ಭಾಷೆಗಳನ್ನು ಹೋಲಿಸಿ ನೋಡಿದಾಗಲೂ ಈ ಬಿಡುವು ಹೆಚ್ಚುಕಡಿಮೆ ಹೀಗೇ ಇತ್ತು. ಆದರೆ ಒಂದು ಚಿತ್ರವನ್ನು ನೋಡಿ ಅದರ ಹೆಸರನ್ನು ಬಾಯಿಗೆ ತರಲಿಕ್ಕೇ ಸೆಕೆಂಡಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಬೇಕು. ಈ ಲೆಕ್ಕದ ಅರ್ಥ ಒಂದೇ: ಎದುರಿನವರ ಮಾತು ಮುಗಿಯುವ ಮುಂಚೆಯೇ ನಾವು ನಮ್ಮ ಉತ್ತರ ಸಿದ್ಧಮಾಡಲು ತೊಡಗಿರುತ್ತೇವೆ. ಕೇಳುವ ಕೆಲಸವೂ ಹೇಳುವ ತಯಾರಿಯೂ ಒಂದೇ ಸಣ್ಣ ಜಾಗದಲ್ಲಿ ನಡೆಯಬೇಕು. ಜಾಗ ಸಾಲದಾದಾಗ ಸೋಲುವುದು ಕೇಳುವಿಕೆಯೇ. ಸಭೆಗಳಲ್ಲಿ "ಎಲ್ಲರೂ ಒಬ್ಬೊಬ್ಬರಾಗಿ ಪರಿಚಯ ಹೇಳಿ" ಎಂದಾಗ ಇದನ್ನು ಸ್ಪಷ್ಟವಾಗಿ ನೋಡಬಹುದು. ನಮಗಿಂತ ತೀರ ಮುಂಚೆ ಎದ್ದು ನಿಂತವರ ಹೆಸರು, ಕೆಲಸ ಯಾವುದೂ ತಲೆಯಲ್ಲಿ ನಿಂತಿರುವುದಿಲ್ಲ. ಮಾಲ್ಕಮ್ ಬ್ರೆನ್ನರ್ 1973ರಲ್ಲಿ ಇದನ್ನು ಅಳೆದು ತೋರಿಸಿದರು. ಸಾಲಾಗಿ ಕೂತವರು ಒಬ್ಬರ ನಂತರ ಒಬ್ಬರು ಗಟ್ಟಿಯಾಗಿ ಪದ ಓದುವಾಗ, ತಮ್ಮ ಸರದಿಗೆ ಮುಂಚಿನ ಕೆಲವೇ ಸೆಕೆಂಡುಗಳಲ್ಲಿ ಕೇಳಿದ ಪದಗಳು ಅವರಿಗೆ ಎಲ್ಲಕ್ಕಿಂತ ಕಡಿಮೆ ನೆನಪಿದ್ದವು.

ಪದಗಳು ಉದುರುವಾಗ ಮೊದಲು ಉದುರುವುವು ಯಾವುವು? "ಬಹುಶಃ", "ಆದರೆ", "ಆದರೂ ನೋಡೋಣ", "ರಜೆ ಸಿಕ್ಕರೆ". ಮಾತಿನ ಮುಖ್ಯ ಸುದ್ದಿ "ಬರುತ್ತೇನೆ" ಅನ್ನುವುದು. ಷರತ್ತು ಅದಕ್ಕೆ ಅಂಟಿಕೊಂಡ ಒಂದು ತುಣುಕು. ಅಕ್ಕನಿಗೆ ಬೇಕಾಗಿದ್ದದ್ದು ತಮ್ಮ ಬರುತ್ತಾನೋ ಇಲ್ಲವೋ ಎಂಬ ಉತ್ತರ, ಅದು ಸಿಕ್ಕಿತು, ಉಳಿಯಿತು. ತಮ್ಮನಿಗೆ ಮಾತಾಡುವಾಗ ತಲೆಯಲ್ಲಿದ್ದದ್ದು ರಜೆಯ ಚಿಂತೆ, ಅವನಿಗೆ ಅದೇ ಉಳಿಯಿತು. ಅವನು ರಜೆಯ ವಿಷಯ ಬಾಯಿಬಿಟ್ಟು ಹೇಳಿದ್ದನೋ, ಮನಸ್ಸಿನಲ್ಲೇ ಅಂದುಕೊಂಡಿದ್ದನೋ ಎಂಬುದು ಈಗ ಅವನಿಗೂ ಗೊತ್ತಾಗುವುದಿಲ್ಲ. ಅಂದುಕೊಂಡದ್ದನ್ನೂ ಅಂದದ್ದನ್ನೂ ಬೇರೆಬೇರೆ ಮಾಡಿ ನೋಡುವುದರಲ್ಲಿ ನೆನಪು ಬಹಳ ಸಲ ಎಡವುತ್ತದೆ.

ಹಾಗಾಗಿ ಷರತ್ತು ಮುಖ್ಯವಾದಾಗ ಅದನ್ನು ವಾಕ್ಯದ ಬಾಲಕ್ಕೆ ಕಟ್ಟಬಾರದು. "ಇನ್ನೂ ರಜೆ ಸಿಕ್ಕಿಲ್ಲ. ಗುರುವಾರ ಸಂಜೆ ಗೊತ್ತಾಗುತ್ತೆ, ಅವತ್ತೇ ಫೋನ್ ಮಾಡಿ ಬರ್ತೀನೋ ಇಲ್ವೋ ಹೇಳ್ತೀನಿ" ಅಂದರೆ ರಜೆಯೇ ಸುದ್ದಿಯಾಗುತ್ತದೆ, ಬರುವುದು ಇನ್ನೂ ತೀರ್ಮಾನವಾಗದ ಮಾತಾಗುತ್ತದೆ. ಫೋನ್ ಇಡುವ ಮುಂಚೆ ಎದುರಿನವರ ಬಾಯಿಂದಲೇ ಅದು ಒಮ್ಮೆ ಬರುವಂತೆ ನೋಡಿಕೊಂಡರೆ ಇನ್ನೂ ಒಳ್ಳೆಯದು. "ಸರಿ, ಗುರುವಾರ ಹೇಳ್ತೀಯ" ಎಂದು ಅಕ್ಕ ಹೇಳಿದ ಕೂಡಲೇ ಅದು ಅವಳ ನೆನಪೂ ಆಗುತ್ತದೆ. ನಾವೇ ಬಾಯಿಬಿಟ್ಟು ಹೇಳಿದ್ದು ಕೇಳಿಸಿಕೊಂಡದ್ದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ.

ಇದಕ್ಕೆ ಒಂದು ದೊಡ್ಡ ಅಪವಾದವಿದೆ, ಅದನ್ನು ಬಿಟ್ಟರೆ ಚಿತ್ರ ಪೂರ್ತಿಯಾಗುವುದಿಲ್ಲ. ಚುಚ್ಚಿದ ಮಾತು, ಹಾಸ್ಯ, ಹೊಗಳಿಕೆ, ಹಂಗಿಸಿದ್ದು ಪದಪದವಾಗಿ ಉಳಿಯಬಲ್ಲವು. 1977ರಲ್ಲಿ ಜಾನಿಸ್ ಕೀನನ್ ಮತ್ತು ಜೊತೆಗಾರರು ಊಟದ ಹೊತ್ತಿನ ಒಂದು ಸಹಜ ಚರ್ಚೆಯನ್ನು ಧ್ವನಿಮುದ್ರಿಸಿ, ಅದರಲ್ಲಿದ್ದವರನ್ನು ಆಮೇಲೆ ಪರೀಕ್ಷಿಸಿದರು. ಬರೀ ಮಾಹಿತಿಯ ವಾಕ್ಯಗಳ ಪದಗಳು ಮರೆತುಹೋಗಿದ್ದವು. ಹೇಳಿದವರ ಮನೋಭಾವ, ಎದುರಿನವರ ಜೊತೆಗಿನ ಸಂಬಂಧ ಕಾಣಿಸುವಂಥ ವಾಕ್ಯಗಳು ಹೇಳಿದ ರೀತಿಯಲ್ಲೇ ನೆನಪಿದ್ದವು. "ನಿನಗೆ ಯಾವತ್ತೂ ಪುರಸೊತ್ತಿರಲ್ಲ ಬಿಡು" ಎಂದು ಅಕ್ಕ ಅಂದಿದ್ದರೆ ತಮ್ಮ ಅದನ್ನು ಹತ್ತು ವರ್ಷದ ಮೇಲೂ ಅದೇ ಪದಗಳಲ್ಲಿ ಹೇಳಿಯಾನು. ಅವಳು ಅದನ್ನು ಸಂಜೆಯೊಳಗೆ ಮರೆತಿರುತ್ತಾಳೆ, ಯಾಕೆಂದರೆ ಅವಳಿಗೆ ಅದು ಹಾಗೇ ಬಾಯಿಗೆ ಬಂದ ಮಾತು. ನೆನಪು ಇಬ್ಬರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ ಅನ್ನುವುದು ಮನೆಯೊಳಗಿನ ಎಷ್ಟೋ ಹಳೆಯ ನೋವುಗಳ ಬುಡದಲ್ಲಿದೆ.

ಇದನ್ನು ನಿನಗೆ ಹೇಳಿದ್ದೆನಾ?

ಒಂದೇ ಸುದ್ದಿಯನ್ನು ಒಬ್ಬರಿಗೇ ಮೂರು ಸಲ ಹೇಳುವುದು ವಯಸ್ಸಾದವರ ಲಕ್ಷಣ ಎಂದು ನಾವು ಅಂದುಕೊಳ್ಳುತ್ತೇವೆ. ಇಪ್ಪತ್ತರ ಹರೆಯದವರೂ ಇದನ್ನು ಮಾಡುತ್ತಾರೆ, ಕಾರಣವೂ ಗೊತ್ತಿದೆ. ಯಾರು ನಮಗೆ ಹೇಳಿದರು ಎಂಬ ನೆನಪಿಗಿಂತ ನಾವು ಯಾರಿಗೆ ಹೇಳಿದೆವು ಎಂಬ ನೆನಪು ದುರ್ಬಲ. ನೈಜೆಲ್ ಗೋಪಿ ಮತ್ತು ಕಾಲಿನ್ ಮ್ಯಾಕ್‌ಲಾಯ್ಡ್ 2009ರಲ್ಲಿ ಇದನ್ನು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ಪ್ರಸಿದ್ಧರ ಮುಖಗಳ ಚಿತ್ರ ತೋರಿಸಿ, ಒಂದೊಂದು ಮುಖಕ್ಕೆ ಒಂದೊಂದು ವಿಷಯ ಹೇಳಿ ಎಂದರು. ಇನ್ನೊಂದು ಗುಂಪಿನವರಿಗೆ ಆ ಮುಖಗಳೇ ವಿಷಯ ಹೇಳಿದಂತೆ ಏರ್ಪಾಡಾಗಿತ್ತು. ವಿಷಯ ಎರಡೂ ಕಡೆ ನೆನಪಿತ್ತು. ಯಾವ ವಿಷಯ ಯಾವ ಮುಖದ್ದು ಎಂದು ಹೊಂದಿಸುವಾಗ ಹೇಳಿದವರು ಕೇಳಿದವರಿಗಿಂತ ಹಿಂದೆ ಬಿದ್ದರು. ತಮ್ಮ ಸ್ವಂತ ವಿಷಯ ಹೇಳುವಾಗ ಎಡವಟ್ಟು ಇನ್ನೂ ಹೆಚ್ಚಾಯಿತು. ಮಾತಾಡುವಾಗ ಗಮನ ಒಳಗಿರುತ್ತದೆ, ಹೇಳಬೇಕಾದ್ದರ ಮೇಲೆ, ನಮ್ಮ ಮೇಲೆ. ಎದುರಿಗಿರುವ ಮುಖಕ್ಕೂ ಹೇಳಿದ ವಿಷಯಕ್ಕೂ ಗಂಟು ಬೀಳುವುದೇ ಇಲ್ಲ.

ಅದೇ ಪ್ರಯೋಗಮಾಲೆಯಲ್ಲಿ ಒಂದು ಪರಿಹಾರವೂ ಸಿಕ್ಕಿತು: ಮಾತು ಶುರುಮಾಡುವ ಮುಂಚೆ ಎದುರಿನವರ ಹೆಸರು ಹೇಳುವುದು. ಹೆಸರು ಹಿಡಿದು ಕರೆದಾಗ ಗಮನ ಒಂದು ಕ್ಷಣ ಆ ವ್ಯಕ್ತಿಯ ಮೇಲೆ ಹೋಗುತ್ತದೆ, ಗಂಟು ಬೀಳುತ್ತದೆ. ಹತ್ತಾರು ಜನರಿಗೆ ಒಂದೇ ಸುದ್ದಿ ಮುಟ್ಟಿಸಬೇಕಾದವರಿಗೆ, ಮದುವೆ ಕರೆಯುವವರಿಗೆ, ಸಂಘ ನಡೆಸುವವರಿಗೆ, ತರಗತಿಗಳಲ್ಲಿ ಪಾಠ ಮಾಡುವವರಿಗೆ ಇದರಿಂದ ನಿಜವಾದ ಉಪಯೋಗವಿದೆ. ಇಷ್ಟರ ಮೇಲೂ ಬರೆದಿಟ್ಟ ಪಟ್ಟಿಗೆ ಸಾಟಿಯಿಲ್ಲ. "ನಿನಗೆ ಆಗಲೇ ಹೇಳಿದ್ದೆ" ಎಂದು ಖಡಾಖಂಡಿತವಾಗಿ ಹೇಳುವ ಮುಂಚೆ ಮಾತ್ರ ನೂರು ಸಲ ಯೋಚಿಸಬೇಕು. ಯಾಕೆಂದರೆ ಇದು ನಮ್ಮ ನೆನಪಿನ ಅತ್ಯಂತ ದುರ್ಬಲ ಮೂಲೆಗಳಲ್ಲಿ ಒಂದು, ಮತ್ತು ಇಲ್ಲೇ ನಮಗೆ ನಮ್ಮ ಮೇಲೆ ಅತಿಯಾದ ಭರವಸೆ.

ಹೇಳಿದಂತೆ ಆಗುವ ನೆನಪು

ಬಾಯಿಂದ ಬಾಯಿಗೆ ಹೋದ ಸುದ್ದಿಗೆ ರೆಕ್ಕೆಪುಕ್ಕ ಬರುತ್ತದೆ ಅನ್ನುತ್ತೇವೆ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡದ್ದು ಬೇರೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲಿಷ್ ಓದುಗರಿಗೆ ಕೊಟ್ಟು ಮತ್ತೆ ಮತ್ತೆ ಹೇಳಿಸಿದಾಗ ಕಥೆ ಬೆಳೆಯಲಿಲ್ಲ, ಚಿಕ್ಕದಾಗುತ್ತ ಹೋಯಿತು. ಅಪರಿಚಿತವಾದದ್ದೆಲ್ಲ ಪರಿಚಿತವಾಯಿತು: ಆ ಕಡೆಯ ಸಣ್ಣ ದೋಣಿ ಮಾಮೂಲಿ ಬೋಟಾಯಿತು, ಸೀಲ್ ಎಂಬ ಕಡಲಪ್ರಾಣಿಯ ಬೇಟೆ ಮೀನು ಹಿಡಿಯುವುದಾಯಿತು, ಅರ್ಥವಾಗದ ಪ್ರೇತದ ಸಂಗತಿಗಳು ಜಾರಿಹೋದವು ಇಲ್ಲವೇ ಅವಕ್ಕೊಂದು ಸಮಂಜಸ ಕಾರಣ ಸೇರಿಕೊಂಡಿತು. ಕೇಳುಗರು ಕಥೆಯನ್ನು ತಮಗೆ ಅರ್ಥವಾಗುವ ಹಾಗೆ ಸರಿಪಡಿಸಿಕೊಂಡರು, ಆಮೇಲೆ ಸರಿಪಡಿಸಿದ್ದೇ ಮೂಲ ಎಂದು ನೆನಪಿಟ್ಟುಕೊಂಡರು.

ಕೇಳುಗರು ಬದಲಾಯಿಸುವುದು ಒಂದು ಬಗೆಯಾದರೆ, ಹೇಳುವವನು ತನ್ನ ನೆನಪನ್ನೇ ಬದಲಾಯಿಸಿಕೊಳ್ಳುವುದು ಇನ್ನೊಂದು. ಟೋರಿ ಹಿಗಿನ್ಸ್ ಮತ್ತು ವಿಲಿಯಂ ರೋಲ್ಸ್ 1978ರಲ್ಲಿ ತೋರಿಸಿದ್ದು ಇದು. ಒಬ್ಬ ವ್ಯಕ್ತಿಯ ಬಗ್ಗೆ ಹೀಗೂ ಹಾಗೂ ಹೇಳಬಹುದಾದ ವಿವರಗಳನ್ನು ಓದಿಸಿ, ಅವನನ್ನು ಮತ್ತೊಬ್ಬರಿಗೆ ಬಣ್ಣಿಸಿ ಎಂದರು. ಕೇಳುವವರಿಗೆ ಅವನನ್ನು ಕಂಡರೆ ಇಷ್ಟ ಎಂದು ತಿಳಿದವರು ಒಳ್ಳೆಯ ಮಾತಾಡಿದರು, ಆಗದು ಎಂದು ತಿಳಿದವರು ಕೊಂಕು ಸೇರಿಸಿದರು. ಇಲ್ಲಿಯವರೆಗೆ ಲೋಕರೂಢಿ. ಆಮೇಲೆ ಮೂಲ ವಿವರಗಳನ್ನು ನೆನೆಸಿಕೊಳ್ಳಿ ಎಂದಾಗ, ತಾವು ಆಡಿದ ಮಾತಿನ ಕಡೆಗೇ ಅವರ ನೆನಪು ವಾಲಿತ್ತು. ಓದಿದ್ದು ಹಿಂದೆ ಸರಿದು, ಹೇಳಿದ್ದು ಮುಂದೆ ಬಂದಿತ್ತು. ಅಕ್ಕ ಆ ಫೋನಿನ ಮಾತನ್ನು ಚಿಕ್ಕಮ್ಮನ ಹತ್ತಿರ ಹೇಳಿಕೊಂಡಿರುತ್ತಾಳೆ. ಚಿಕ್ಕಮ್ಮನಿಗೆ ಮೊದಲೇ ಆ ಹುಡುಗನ ಮೇಲೆ ಬೇಸರ. ಅಲ್ಲಿ "ಬರ್ತೀನಿ ಅಂತ ಹೇಳಿದ್ದಾನೆ, ನೋಡೋಣ" ಅನ್ನುವ ಮಾತು "ಖಂಡಿತ ಬರ್ತೀನಿ ಅಂತ ಮಾತು ಕೊಟ್ಟಿದ್ದಾನೆ" ಎಂದಾಗುತ್ತದೆ. ಶುಕ್ರವಾರ ಅವಳಿಗೆ ನೆನಪಿಗೆ ಬರುವುದು ಚಿಕ್ಕಮ್ಮನ ಮುಂದೆ ಹೇಳಿದ್ದು.

ಇದಕ್ಕೆ ಚೆನ್ನಾಗಿ ದಾಖಲಾದ ಉದಾಹರಣೆ ಅಮೆರಿಕದ ವಾಟರ್‌ಗೇಟ್ ಪ್ರಕರಣದಲ್ಲಿದೆ. 1972ರಲ್ಲಿ ವಿರೋಧ ಪಕ್ಷದ ಕಚೇರಿಗೆ ಕಳ್ಳರಂತೆ ನುಗ್ಗಿದ್ದನ್ನು ಅಧ್ಯಕ್ಷರ ಕಡೆಯವರು ಮುಚ್ಚಿಹಾಕಲು ನೋಡಿದ ಹಗರಣ ಅದು. ಅಧ್ಯಕ್ಷ ರಿಚರ್ಡ್ ನಿಕ್ಸನ್ನರ ಕಾನೂನು ಸಲಹೆಗಾರನಾಗಿದ್ದ ಜಾನ್ ಡೀನ್ 1973ರ ಜೂನ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಸಾಕ್ಷಿ ಹೇಳಿದ. ಅವನ ಲಿಖಿತ ಹೇಳಿಕೆಯೇ 245 ಪುಟ. ಯಾವ ದಿನ ಯಾರು ಏನೆಂದರು ಎಂದು ಅವನು ಎಷ್ಟು ವಿವರವಾಗಿ ಹೇಳಿದನೆಂದರೆ ಪತ್ರಿಕೆಗಳು ಅವನನ್ನು ಮನುಷ್ಯರೂಪದ ಟೇಪ್ ರೆಕಾರ್ಡರ್ ಎಂದು ಕರೆದವು. ಮರುತಿಂಗಳು, ನಿಕ್ಸನ್ನರ ಕೋಣೆಯ ಮಾತೆಲ್ಲ ಗುಟ್ಟಾಗಿ ಧ್ವನಿಮುದ್ರಣವಾಗುತ್ತಿತ್ತು ಎಂಬ ಸಂಗತಿ ಹೊರಬಿತ್ತು. ಹೀಗೆ ಒಬ್ಬನ ನೆನಪನ್ನೂ ಅವನಾಡಿದ ಮಾತಿನ ಮುದ್ರಿಕೆಯನ್ನೂ ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಸಿಕ್ಕಿತು. ಮನೋವಿಜ್ಞಾನಿ ಅಲ್ರಿಕ್ ನೈಸರ್ 1981ರಲ್ಲಿ ಅದನ್ನೇ ಮಾಡಿದರು.

1972ರ ಸೆಪ್ಟೆಂಬರ್ 15ರ ಭೇಟಿಯನ್ನು ನೋಡಿ. ಒಳಗೆ ಹೋದಾಗ ಅಧ್ಯಕ್ಷರು ಕೂರಲು ಹೇಳಿದರು ಎಂದು ಡೀನ್ ಸಾಕ್ಷಿ ಹೇಳಿದ, ಟೇಪಿನಲ್ಲಿ ಹಾಗೆ ಹೇಳಿಲ್ಲ. ನೀನು ಒಳ್ಳೆಯ ಕೆಲಸ ಮಾಡಿದ್ದೀಯ ಎಂದು ಹೊಗಳಿದರು, ಅದರ ಶ್ರೇಯ ನನ್ನೊಬ್ಬನದಲ್ಲ ಎಂದು ತಾನು ಉತ್ತರಿಸಿದೆ ಎಂದ, ಅದೂ ಅಲ್ಲಿಲ್ಲ. ಈ ವಿಷಯ ಮುಂದೊಂದು ದಿನ ಬಿಚ್ಚಿಕೊಳ್ಳಬಹುದು ಎಂದು ತಾನು ಎಚ್ಚರಿಸಿದ್ದೆ ಎಂದ. ಟೇಪಿನಲ್ಲಿ ಅವನು ಹೇಳಿರುವುದು ಹೆಚ್ಚುಕಡಿಮೆ ತದ್ವಿರುದ್ಧ: ಚುನಾವಣೆಗೆ ಉಳಿದ 54 ದಿನಗಳಲ್ಲಿ ಅನಿರೀಕ್ಷಿತವಾದದ್ದು ಯಾವುದೂ ಕುಸಿದು ಬೀಳುವುದಿಲ್ಲ ಎಂದು ಧೈರ್ಯ ಕೊಟ್ಟಿದ್ದಾನೆ. ಪದಗಳಿರಲಿ, ಆ ದಿನದ ಮಾತಿನ ತಿರುಳನ್ನೂ ಅವನು ತಪ್ಪಾಗಿ ಹೇಳಿದ್ದ. ತಾನು ಏನು ಹೇಳಬೇಕಿತ್ತೋ ಅದನ್ನು, ತನಗೆ ಯಾವ ಮೆಚ್ಚುಗೆ ಬೇಕಿತ್ತೋ ಅದನ್ನು ನೆನಪು ತುಂಬಿಕೊಟ್ಟಿತ್ತು. ಆದರೂ ಅವನು ಸುಳ್ಳುಗಾರನಲ್ಲ ಎಂದು ನೈಸರ್ ಒತ್ತಿ ಹೇಳುತ್ತಾರೆ. ಅಪರಾಧ ಮುಚ್ಚಿಹಾಕುವ ಯತ್ನ ನಡೆದಿತ್ತು, ಅದು ಅಧ್ಯಕ್ಷರಿಗೆ ಗೊತ್ತಿತ್ತು ಎಂಬ ಅವನ ಒಟ್ಟು ಸಾಕ್ಷ್ಯ ಸತ್ಯವೇ ಆಗಿತ್ತು. ಎಷ್ಟೋ ಭೇಟಿಗಳ ಸಾರ ಸೇರಿ ಒಂದು ಭೇಟಿಯ ಚಿತ್ರವಾಗಿ ಅವನ ತಲೆಯಲ್ಲಿ ನಿಂತಿತ್ತು. ಅವನು ಮೊದಲೇ ತಯಾರಿ ಮಾಡಿಕೊಂಡು ಹೋಗಿ ಆಡಿದ, 1973ರ ಮಾರ್ಚ್ 21ರ ಮಾತಿನ ತಿರುಳು ಮಾತ್ರ ಬಹುಮಟ್ಟಿಗೆ ಸರಿಯಾಗಿ ನೆನಪಿತ್ತು.

ಈ ಪ್ರಕರಣದಿಂದ ನಾನು ಕಲಿತದ್ದು ಹೀಗೆ. ಗಂಡಹೆಂಡಿರ ಜಗಳದಲ್ಲಿ "ಅವತ್ತು ನೀವು ಹೀಗಂದ್ರಿ" ಎಂದು ಬರುವ ವಾಕ್ಯ ಆ ದಿನದ ಮಾತಾಗಿ ತಪ್ಪಿರಬಹುದು, ಹತ್ತು ವರ್ಷದ ಬಾಳಿನ ಸಾರವಾಗಿ ನಿಜವಿರಬಹುದು. ವಾಕ್ಯ ತಪ್ಪೆಂದು ಸಾಬೀತು ಮಾಡಿದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ. ಇದನ್ನು ಅರಿಯದೆ ಪದಕ್ಕೆ ಪದ ಹಿಡಿದು ವಾದ ಗೆದ್ದವರು ಎದುರಿನವರು ಹೇಳಬಂದದ್ದನ್ನೇ ಕೇಳಿಸಿಕೊಂಡಿರುವುದಿಲ್ಲ.

ಹೇಳಿದ್ದು ನೆನಪನ್ನು ರೂಪಿಸುವಂತೆ ಹೇಳದೆ ಬಿಟ್ಟದ್ದೂ ರೂಪಿಸುತ್ತದೆ. ಒಂದು ಪ್ರವಾಸದ ಕಥೆಯಲ್ಲಿ ಬಸ್ಸು ಕೆಟ್ಟ ಪ್ರಸಂಗವನ್ನೇ ಪದೇ ಪದೇ ಹೇಳಿದರೆ, ಅದೇ ಪ್ರವಾಸದ ಬೇರೆ ಸಂಗತಿಗಳು ಮುಟ್ಟದೆ ಬಿಟ್ಟ ಬೇರೆ ಪ್ರವಾಸಗಳಿಗಿಂತ ಬೇಗ ಮಸುಕಾಗುತ್ತವೆ. ಅಲೆಕ್ಸಾಂಡ್ರು ಕುಕ್, ಜೊನಾಥನ್ ಕಾಪೆಲ್, ವಿಲಿಯಂ ಹರ್ಸ್ಟ್ 2007ರಲ್ಲಿ ಕಂಡುಕೊಂಡದ್ದು ಇನ್ನೂ ಮುಂದಿನ ಮಾತು: ಹೀಗೆ ಮಸುಕಾಗುವುದು ಹೇಳಿದವನಿಗೆ ಮಾತ್ರವಲ್ಲ, ಸುಮ್ಮನೆ ಕೇಳುತ್ತ ಕೂತವನಿಗೂ. ಕೇಳುವವನು ಒಳಗೊಳಗೇ ಜೊತೆಗೆ ನೆನೆಸಿಕೊಳ್ಳುತ್ತಿರುತ್ತಾನೆ, ಬಿಟ್ಟದ್ದನ್ನು ಅವನೂ ಬಿಡುತ್ತಾನೆ. ಒಂದು ಮನೆತನದ ಚರಿತ್ರೆ ನಾಲ್ಕೈದು ಕಥೆಗಳಿಗೆ ಇಳಿಯುವುದು ಹೀಗೆ. ತೀರಿಕೊಂಡವರ ಬಗ್ಗೆ ಎಲ್ಲರೂ ಒಂದೇ ಪ್ರಸಂಗ ಹೇಳುತ್ತಿದ್ದರೆ, ಬೇರೆ ಕಡೆಯಿಂದ ಒಂದು ಪ್ರಶ್ನೆ ಕೇಳಬೇಕು: ಅವರು ಸಿಟ್ಟು ಬಂದಾಗ ಹೇಗಿರುತ್ತಿದ್ದರು, ಯಾವ ಕೆಲಸ ಕಂಡರೆ ಆಗುತ್ತಿರಲಿಲ್ಲ, ಯಾರನ್ನು ಏನೆಂದು ಕರೆಯುತ್ತಿದ್ದರು.

ಎಲ್ಲ ಸೇರಿ ನೆನೆಸಿಕೊಂಡಾಗ

ನಾಲ್ಕು ತಲೆ ಸೇರಿದರೆ ಹೆಚ್ಚು ನೆನಪಾಗುತ್ತದೆ ಅನ್ನುವುದು ಅರ್ಧ ನಿಜ. ಒಬ್ಬರಿಗಿಂತ ಹೆಚ್ಚು ಆಗುತ್ತದೆ. ಆ ನಾಲ್ವರನ್ನೂ ಬೇರೆಬೇರೆ ಕೂರಿಸಿ ಬರೆಸಿ, ಪಟ್ಟಿಗಳನ್ನು ಆಮೇಲೆ ಕೂಡಿಸಿದರೆ ಬರುವಷ್ಟು ಆಗುವುದಿಲ್ಲ. 1997ರಿಂದ ಈಚೆಗೆ ಈ ಫಲಿತಾಂಶ ಮತ್ತೆ ಮತ್ತೆ ಬಂದಿದೆ. ಪ್ರತಿಯೊಬ್ಬರೂ ತಮ್ಮದೇ ದಾರಿಯಲ್ಲಿ, ತಮ್ಮದೇ ಕ್ರಮದಲ್ಲಿ ನೆನೆಸಿಕೊಳ್ಳುತ್ತಾರೆ. ಇನ್ನೊಬ್ಬರು ನಡುವೆ ಬಾಯಿ ಹಾಕಿದಾಗ ಆ ಎಳೆ ಕಡಿಯುತ್ತದೆ. ಅದಕ್ಕಿಂತ ಗಂಭೀರವಾದದ್ದು ಒಬ್ಬರ ನೆನಪು ಇನ್ನೊಬ್ಬರಿಗೆ ಅಂಟುವ ಸೋಂಕು. ಫಿಯೋನಾ ಗ್ಯಾಬರ್ಟ್ ಮತ್ತು ಜೊತೆಗಾರರು 2003ರಲ್ಲಿ ಒಂದೇ ಘಟನೆಯನ್ನು ಎರಡು ಕೋನದಿಂದ ಚಿತ್ರಿಸಿ, ಜೋಡಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ತೋರಿಸಿದರು. ಇಬ್ಬರೂ ನೋಡಿದ್ದು ಒಂದೇ ಎಂದು ಅವರ ನಂಬಿಕೆ. ಪರಸ್ಪರ ಮಾತಾಡಿದ ಮೇಲೆ ಶೇಕಡಾ 71ರಷ್ಟು ಮಂದಿ ತಾವು ನೋಡಿರಲು ಸಾಧ್ಯವೇ ಇಲ್ಲದ ವಿವರವೊಂದನ್ನಾದರೂ ತಮ್ಮ ಹೇಳಿಕೆಯಲ್ಲಿ ಸೇರಿಸಿದ್ದರು. ಅಪಘಾತವೋ ಕಳ್ಳತನವೋ ಆದಾಗ ಸುತ್ತ ನಿಂತು ಚರ್ಚಿಸುವುದು ಸಹಜ. ಪೊಲೀಸರಿಗೋ ವಿಮೆಗೋ ಹೇಳಿಕೆ ಕೊಡಬೇಕಾದರೆ, ಆ ಚರ್ಚೆಗೆ ಮುಂಚೆ ಮೊಬೈಲಿನಲ್ಲಿ ಹತ್ತು ಸಾಲು ಬರೆದಿಟ್ಟುಕೊಳ್ಳಿ, ಬರೆದ ಹೊತ್ತನ್ನೂ ಹಾಕಿ.

ಜೊತೆಗೆ ಬಾಳಿದವರ ವಿಷಯ ಬೇರೆ. ಡೇನಿಯಲ್ ವೆಗ್ನರ್ 1985ರಲ್ಲಿ ಬಣ್ಣಿಸಿದಂತೆ ಜೋಡಿಗಳು ನೆನಪಿನ ಕೆಲಸವನ್ನು ಮಾತಿಲ್ಲದೆಯೇ ಹಂಚಿಕೊಂಡಿರುತ್ತಾರೆ. ನೆಂಟರ ಹೆಸರು, ಹುಟ್ಟಿದ ದಿನ ಒಬ್ಬರ ಪಾಲಿಗೆ, ಬ್ಯಾಂಕು, ಬಿಲ್ಲು, ದಾರಿ ಇನ್ನೊಬ್ಬರ ಪಾಲಿಗೆ. ಎಲ್ಲವೂ ಇಬ್ಬರಿಗೂ ಗೊತ್ತಿರಬೇಕಿಲ್ಲ, ಯಾರಿಗೆ ಗೊತ್ತು ಎಂಬುದು ಗೊತ್ತಿದ್ದರೆ ಸಾಕು. 1991ರಲ್ಲಿ ಅವರೂ ಜೊತೆಗಾರರೂ ಪ್ರೇಮಿಗಳ ಜೋಡಿಗಳನ್ನೂ ಅಪರಿಚಿತರ ಜೋಡಿಗಳನ್ನೂ ಪರೀಕ್ಷಿಸಿದಾಗ, ಅವರ ಪಾಡಿಗೆ ಬಿಟ್ಟಾಗ ಪ್ರೇಮಿಗಳು ಮುಂದಿದ್ದರು. ನೀನು ಈ ವಿಷಯ ನೆನಪಿಡು, ನೀನು ಆ ವಿಷಯ ಎಂದು ಹೊರಗಿನವರು ಹಂಚಿಕೊಟ್ಟಾಗ ಅವರೇ ಅಪರಿಚಿತರಿಗಿಂತ ಹಿಂದೆ ಬಿದ್ದರು. ಬೆಳೆದುಬಂದ ಹಂಚಿಕೆಯನ್ನು ಕಿತ್ತರೆ ಇಬ್ಬರ ನೆನಪೂ ಕೆಡುತ್ತದೆ. ಜೊತೆಗಾರರು ತೀರಿಕೊಂಡಾಗ ಉಳಿದವರು "ತಲೆಯೇ ಓಡುತ್ತಿಲ್ಲ" ಅನ್ನುವುದರಲ್ಲಿ ದುಃಖದ ಜೊತೆಗೆ ಇದೂ ಇದೆ. ಅವರ ನೆನಪಿನ ಒಂದು ಪಾಲು ನಿಜವಾಗಿಯೂ ಕೈಗೆ ಸಿಗುತ್ತಿಲ್ಲ. ಆಗ "ಧೈರ್ಯವಾಗಿರಿ" ಅನ್ನುವುದಕ್ಕಿಂತ, ಜೊತೆಗೆ ಕೂತು ಆ ಪಾಲಿನ ಕಾಗದಪತ್ರ, ಫೋನ್ ನಂಬರು, ಕಟ್ಟಬೇಕಾದ ಕಂತು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಡುವುದು ದೊಡ್ಡ ಉಪಕಾರ.

ಹೆಸರು ಮಾತ್ರ ಯಾಕೆ ಹೋಗುತ್ತದೆ

ಮುಖ ಗೊತ್ತು, ಕೆಲಸ ಗೊತ್ತು, ಹೆಸರು ಬಾಯಿಗೆ ಬರುವುದಿಲ್ಲ. ಕೆಲಸಕ್ಕೆ ಹತ್ತು ನಂಟುಗಳಿರುತ್ತವೆ, ಹೆಸರಿಗೆ ಆ ಮುಖವೊಂದೇ ನಂಟು. ಮನಸ್ಸಿನ ಹಾದಿ ಒಂದೇ ಇದ್ದಾಗ ಅದು ಮುಚ್ಚಿದರೆ ಮುಗಿಯಿತು. ಹೊಸ ಹೆಸರನ್ನು ಉಳಿಸಿಕೊಳ್ಳಲು ಟಾಮ್ ಲಾಂಡವರ್ ಮತ್ತು ರಾಬರ್ಟ್ ಬ್ಯೋರ್ಕ್ 1978ರಲ್ಲಿ ತೋರಿಸಿದ ಕ್ರಮ ಇಂದಿಗೂ ಚೆನ್ನಾಗಿದೆ: ಹೆಸರನ್ನು ಬಿಡುವು ಹೆಚ್ಚಿಸುತ್ತ ನೆನೆಸಿಕೊಳ್ಳುವುದು. ಕೇಳಿದ ಕೂಡಲೇ ಒಮ್ಮೆ, ಅರ್ಧ ನಿಮಿಷ ಬಿಟ್ಟು ಒಮ್ಮೆ, ಎರಡು ಮೂರು ನಿಮಿಷದ ಮೇಲೆ, ಹೊರಡುವಾಗ ಕರೆದು ಬೀಳ್ಕೊಡುವುದು. ನಡುವೆ ಮರೆತಿದ್ದರೆ ಅಲ್ಲೇ ಕೇಳಿಬಿಡಬೇಕು. ಎರಡನೇ ಭೇಟಿಯಲ್ಲಿ ಕೇಳುವುದಕ್ಕಿಂತ ಮೊದಲ ಭೇಟಿಯಲ್ಲೇ ಎರಡು ಸಲ ಕೇಳುವುದು ಮೇಲು, ಅದರಿಂದ ಯಾರಿಗೂ ಬೇಸರವಾಗುವುದಿಲ್ಲ.

ಪದವೇ ಮುಖ್ಯವಾದಾಗ

ಹೆಚ್ಚಿನ ಮಾತುಕತೆಗೆ ತಿರುಳು ಸಾಕು. ಸಾಲದ ಜಾಗಗಳೂ ಇವೆ. ವೈದ್ಯರು ಹೇಳಿದ್ದರಲ್ಲಿ ಶೇಕಡಾ 40ರಿಂದ 80ರಷ್ಟನ್ನು ರೋಗಿಗಳು ಕೂಡಲೇ ಮರೆಯುತ್ತಾರೆ, ನೆನಪಿದೆ ಅಂದುಕೊಂಡದ್ದರಲ್ಲೂ ಸುಮಾರು ಅರ್ಧ ತಪ್ಪಿರುತ್ತದೆ ಎಂದು 2003ರ ಒಂದು ಸಮೀಕ್ಷಾ ಲೇಖನ ಒಟ್ಟುಗೂಡಿಸಿ ಹೇಳಿತು. ಗಾಬರಿಯಲ್ಲಿದ್ದಾಗ ಕಾಯಿಲೆಯ ಹೆಸರಿನ ಮೇಲೆ ಗಮನ ನಿಂತುಬಿಡುತ್ತದೆ, ಮಾತ್ರೆಯ ಮಾತು ಕಿವಿಗೆ ಬೀಳುವುದೇ ಇಲ್ಲ. ಕೆಲಸಕ್ಕೆ ಬರುವ ಕ್ರಮ ಇದು: ಕೇಳಬೇಕಾದ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಮುಖ್ಯವಾದದ್ದು ಮೊದಲು. ಜೊತೆಗೊಬ್ಬರು ಇರಲಿ, ಅವರ ಕೆಲಸ ಬರೆದುಕೊಳ್ಳುವುದು ಮಾತ್ರ. ಏಳುವ ಮುಂಚೆ "ಡಾಕ್ಟ್ರೇ, ನಾನು ತಿಳ್ಕೊಂಡದ್ದು ಸರಿಯಾ ನೋಡಿ" ಎಂದು ಹೇಳಿ ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಎಷ್ಟು ದಿನ, ಯಾವಾಗ ಮತ್ತೆ ಬರಬೇಕು, ಏನಾದರೆ ಕಾಯದೆ ಬರಬೇಕು ಎಂಬ ಐದನ್ನೂ ನಿಮ್ಮ ಬಾಯಿಂದ ಒಪ್ಪಿಸಿ. "ಅರ್ಥವಾಯಿತಾ?" ಎಂಬ ಪ್ರಶ್ನೆಗೆ "ಹೂಂ" ಅನ್ನುವುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ದುಡ್ಡು, ದಿನಾಂಕ, ಜವಾಬ್ದಾರಿ ಇವುಗಳ ಮಾತಾದ ಮೇಲೆ ಅದೇ ದಿನ ಒಂದು ಸಣ್ಣ ಸಂದೇಶ ಕಳಿಸುವುದು ಅಪನಂಬಿಕೆಯ ಗುರುತಲ್ಲ. "ಈಗ ಮಾತಾಡಿದ್ದು ಹೀಗೆ, ಬಿಟ್ಟುಹೋಗಿದ್ದರೆ ತಿಳಿಸು" ಎಂದು ಸೇರಿಸಿದರೆ ಎದುರಿನವರಿಗೆ ತಿದ್ದುವ ಅವಕಾಶವೂ ಇರುತ್ತದೆ. ಒಂದು ವಾರ ಬಿಟ್ಟು ಬರೆದರೆ ಅದು ದಾಖಲೆಯಲ್ಲ, ಒಬ್ಬರ ಕಡೆಯ ಕಥೆ. ಸಂದೇಶದಲ್ಲಿ ಪದ ಉಳಿದರೂ ದನಿ ಉಳಿಯುವುದಿಲ್ಲ ಎಂಬುದು ಗೊತ್ತಿರಲಿ. ತಮಾಷೆಗೆ ಬರೆದ ಸಾಲನ್ನು ಆರು ತಿಂಗಳ ಮೇಲೆ, ಸಿಟ್ಟಿನಲ್ಲಿ ಹುಡುಕಿ ತೆಗೆದು ಓದಿದರೆ ಅದು ಬೇರೆಯೇ ಮಾತಾಗಿ ಕೇಳಿಸುತ್ತದೆ.

ಜಗಳ ಆಗಲೇ ಶುರುವಾಗಿದ್ದರೆ? ಯಾರು ಏನೆಂದರು ಎಂಬುದನ್ನು ತೀರ್ಮಾನಿಸುವ ದಾರಿ ಇಬ್ಬರ ಬಳಿಯೂ ಇಲ್ಲ ಎಂದು ಮೊದಲು ಒಪ್ಪಿಕೊಳ್ಳಬೇಕು. "ನಾನು ಹಾಗೆ ಹೇಳಲೇ ಇಲ್ಲ" ಎಂಬುದರ ಬದಲು "ನಾನು ಹೇಳಬೇಕು ಅಂತಿದ್ದದ್ದು ಇದು, ನಿನಗೆ ಹೇಗೆ ಕೇಳಿಸ್ತು?" ಎಂದು ಕೇಳಿದರೆ ಎರಡೂ ಕಡೆಯ ತಿರುಳು ಹೊರಬರುತ್ತದೆ. ದನಿ ಏರಿಸಿ ಹೇಳಿದ ಮಾತ್ರಕ್ಕೆ, ಕಣ್ಣಿಗೆ ಕಟ್ಟಿದಂತಿದೆ ಎಂದ ಮಾತ್ರಕ್ಕೆ ನೆನಪು ಸರಿಯಾಗುವುದಿಲ್ಲ. 1986ರಲ್ಲಿ ಅಮೆರಿಕದ ಚಾಲೆಂಜರ್ ಗಗನನೌಕೆ ಸಿಡಿದ ಮರುದಿನ ವಿದ್ಯಾರ್ಥಿಗಳು ತಾವು ಸುದ್ದಿ ಕೇಳಿದ ಬಗೆಯನ್ನು ಬರೆದುಕೊಟ್ಟಿದ್ದರು. ಎರಡೂವರೆ ವರ್ಷದ ಮೇಲೆ ಮತ್ತೆ ಕೇಳಿದಾಗ ಎಷ್ಟೋ ಜನರ ಉತ್ತರ ಪೂರ್ತಿ ಬೇರೆಯಾಗಿತ್ತು, ಭರವಸೆ ಮಾತ್ರ ಗಟ್ಟಿಯಾಗಿತ್ತು.

ನೆನಪು ಸೋತವರ ಜೊತೆ

ನೆನಪಿನ ಶಕ್ತಿಯೇ ಕುಂದಿದವರ ಜೊತೆ ಮಾತು ಹೇಗೆ? ಇಲ್ಲಿ ಒಂದು ಆಶಾದಾಯಕ ಸಂಗತಿಯಿದೆ. ಇಬ್ಬರು ಸೇರಿ ವಿಚಿತ್ರ ಆಕೃತಿಗಳನ್ನು ಒಬ್ಬರಿಗೊಬ್ಬರು ವಿವರಿಸಿ ಜೋಡಿಸುವ ಪ್ರಯೋಗವನ್ನು ಹರ್ಬರ್ಟ್ ಕ್ಲಾರ್ಕ್ ಮತ್ತು ಡಿಯಾನಾ ವಿಲ್ಕ್ಸ್-ಗಿಬ್ಸ್ 1986ರಲ್ಲಿ ಪ್ರಕಟಿಸಿದರು. ಮೊದಲ ಸುತ್ತಿನಲ್ಲಿ ಒಂದೊಂದು ಆಕೃತಿಗೆ 40ರಷ್ಟು ಪದ ಬೇಕಾದರೆ ಆರನೇ ಸುತ್ತಿಗೆ ಎಂಟೇ ಸಾಕಾಯಿತು. ಕಾಲು ಮಡಚಿ ಕೂತು ಆ ಕಡೆ ನೋಡುತ್ತಿರುವವನ ಥರ ಇರೋದು ಎಂಬುದು ಬರೀ "ಕೂತವನು" ಆಗುತ್ತದೆ. ಇಬ್ಬರ ನಡುವೆ ಒಂದು ಸಣ್ಣ ಭಾಷೆಯೇ ಹುಟ್ಟುತ್ತದೆ. ಮಿದುಳಿನಲ್ಲಿ ಹೊಸ ನೆನಪು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಹಾನಿಯಾಗಿ ಹೊಸ ಘಟನೆಗಳನ್ನು ನೆನಪಿಡಲಾರದ ನಾಲ್ವರಿಗೆ, ಅವರ ಹತ್ತಿರದವರ ಜೊತೆ ಇದೇ ಬಗೆಯ ಆಟವನ್ನು ಮೆಲಿಸ್ಸಾ ಡಫ್ ಮತ್ತು ಸಂಗಡಿಗರು ಆಡಿಸಿದರು, 2006ರಲ್ಲಿ ವರದಿ ಮಾಡಿದರು. ಅವರ ಮಾತೂ ಸುತ್ತಿನಿಂದ ಸುತ್ತಿಗೆ ಚಿಕ್ಕದಾಯಿತು, ಅವರಲ್ಲೂ ಹಂಚಿಕೊಂಡ ಹೆಸರುಗಳು ಹುಟ್ಟಿ ನಿಂತವು. ಘಟನೆಯ ನೆನಪು ಒಂದು ದಾರಿಯಲ್ಲಿ, ಜೊತೆಗೂಡಿ ಮಾತಾಡಿ ರೂಢಿಯಾದದ್ದು ಇನ್ನೊಂದು ದಾರಿಯಲ್ಲಿ ಉಳಿಯುತ್ತದೆ ಎಂಬುದಕ್ಕೆ ಇದು ಪುರಾವೆ.

ಮರೆವಿನ ಕಾಯಿಲೆಯ ಹಿರಿಯರಿರುವ ಮನೆಯಲ್ಲಿ ಇದರಿಂದ ತೆಗೆದುಕೊಳ್ಳಬೇಕಾದದ್ದು ಬಹಳವಿದೆ. "ನಾನ್ಯಾರು ಹೇಳಿ ನೋಡೋಣ", "ನಿನ್ನೆ ಯಾರು ಬಂದಿದ್ರು ನೆನಪಿದೆಯಾ?" ಎಂದು ಕೇಳುವುದು ಪರೀಕ್ಷೆ. ಅದರಲ್ಲಿ ಅವರು ಸೋಲುವುದು ಖಚಿತ, ಸೋತ ಕಸಿವಿಸಿ ವಿಷಯ ಮರೆತ ಮೇಲೂ ಉಳಿಯುತ್ತದೆ. ನೆನಪನ್ನು ನಾವೇ ಮೊದಲು ಕೈಗೆ ಕೊಡಬೇಕು: "ಅಜ್ಜಿ, ನಾನು ನಿಮ್ಮ ಮೊಮ್ಮಗಳು, ನಿನ್ನೆ ದೊಡ್ಡಪ್ಪ ಬಂದು ಹೋದ್ರಲ್ಲ." ಒಂದು ವಾಕ್ಯಕ್ಕೆ ಒಂದೇ ವಿಷಯ. ಉತ್ತರಕ್ಕೆ ಹತ್ತು ಸೆಕೆಂಡಾದರೂ ಕಾಯಬೇಕು, ನಡುವೆ ಪ್ರಶ್ನೆಯನ್ನು ಬೇರೆ ಪದಗಳಲ್ಲಿ ಕೇಳಿದರೆ ಅವರು ಮೊದಲಿನಿಂದ ಶುರುಮಾಡಬೇಕಾಗುತ್ತದೆ. ದಿನವೂ ಅದೇ ವಸ್ತುವನ್ನು ಅದೇ ಹೆಸರಿನಿಂದ, ಮನೆಯವರೆಲ್ಲರೂ ಒಂದೇ ಹೆಸರಿನಿಂದ ಕರೆಯಬೇಕು. ಔಷಧಿಯ ಡಬ್ಬಿ ಒಬ್ಬರ ಬಾಯಲ್ಲಿ ಡಬ್ಬಿ, ಇನ್ನೊಬ್ಬರ ಬಾಯಲ್ಲಿ ಬಾಕ್ಸು, ಮತ್ತೊಬ್ಬರ ಬಾಯಲ್ಲಿ ಮಾತ್ರೆ ಪೆಟ್ಟಿಗೆ ಆದರೆ ರೂಢಿ ಬೀಳುವುದಿಲ್ಲ. ಅದೇ ಕಥೆಯನ್ನು ಮತ್ತೆ ಹೇಳಿದಾಗ "ಇದು ಆಗಲೇ ಹೇಳಿದ್ರಿ" ಎಂದು ತಡೆಯುವ ಬದಲು ಕಥೆಯ ಒಳಗೇ ಒಂದು ಪ್ರಶ್ನೆ ಕೇಳಿ: ಆಗ ಜೊತೆಯಲ್ಲಿ ಯಾರಿದ್ದರು, ಯಾವ ಕಾಲ, ಮಳೆ ಇತ್ತೇ, ನಡೆದು ಹೋದಿರೋ ಗಾಡಿಯಲ್ಲೋ? ಕೆಲವೊಮ್ಮೆ ಉತ್ತರ ಬರುವುದಿಲ್ಲ. ಕೆಲವೊಮ್ಮೆ ಮನೆಯಲ್ಲಿ ಯಾರೂ ಕೇಳಿರದ ಒಂದು ಹೆಸರು ಬರುತ್ತದೆ. ಬಂದರೆ ಅದನ್ನು ಅಲ್ಲೇ ಬರೆದುಕೊಂಡು, ನಾಳೆಯ ಮಾತನ್ನು ಆ ಹೆಸರಿನಿಂದ ಶುರುಮಾಡಬಹುದು.